ಗಮ್‌ಬೂಟಕ್ಕ ಬೆಟ್ಟ ದಾಟಿದ್ದು

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ ಅಂದರೆ ಜನ ಸೋಪಿನ ಘಮ, ಬೆಳ್ಳನೆಯ ಬೆಡ್‌ಶೀಟು ಅಂದುಕೊಳ್ಳುತ್ತಾರೆ. ಒಳಗೆ ಕಾಲಿಟ್ಟವರಿಗೆ ಗೊತ್ತು. ರಕ್ತ, ಕೀವು, ಉಚ್ಚೆ ಹತ್ತಿದ ಬಟ್ಟೆಯ ಗಂಟುಗಳು ಹಿಂದಿನ ಬಾಗಿಲಿನಿಂದ ಬರುತ್ತವೆ, ಇಸ್ತ್ರಿಯಾದ ಮಡಿಕೆಗಳು ಮುಂದಿನ ಬಾಗಿಲಿನಿಂದ ಹೋಗುತ್ತವೆ. ನಡುವೆ ಇರುವುದು ಬರೀ ನೀರು. ಯಂತ್ರಗಳು ಸೋರುತ್ತವೆ, ಮೋರಿ ಕಟ್ಟಿಕೊಂಡಿರುತ್ತದೆ, ಬಟ್ಟೆ ಒಗೆಯುವ ಸೋಡಾ ಮತ್ತು ಬ್ಲೀಚಿಂಗ್ ಪುಡಿ ಬೆರೆತ ನೀರು ಪಾದ ಮುಳುಗುವಷ್ಟು ನಿಂತಿರುತ್ತದೆ. ಹೆಂಗಸರು ಅದರಲ್ಲಿ ನಿಂತು ಕೆಲಸ ಮಾಡುತ್ತಾರೆ. ಗಮ್‌ಬೂಟು ಕೊಡುತ್ತಾರೆ ನಿಜ. ಹರಿದ ಮೇಲೂ ಅದನ್ನೇ ಹಾಕಿಕೊಳ್ಳಬೇಕು. ಬೂಟಿನೊಳಗೆ ಬೆವರು, ಹೊರಗೆ ಸೋಡಾ. ಕೆಲವು ವರ್ಷಕ್ಕೆ ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ, ಉಗುರು ಕಪ್ಪಾಗಿ ಎದ್ದು ಬರುತ್ತದೆ, ಹಿಮ್ಮಡಿಯ ಚರ್ಮ ಸುಲಿಯುತ್ತದೆ. ಕಂಪನಿ ಡಾಕ್ಟರು ಮೂಗು ಮುಚ್ಚಿಕೊಂಡು ಒಂದು ಸಲ ನೋಡಿ, ‘ಇದು ಮನೆಯಿಂದ ತಂದ ರೋಗ’ ಅನ್ನುತ್ತಿದ್ದ. ಅಲ್ಲಿಗೆ ಆ ಹೆಂಗಸಿನ ಕೆಲಸ ಮುಗಿಯಿತು. ಕೊಳೆತ ಕಾಲಿನಲ್ಲಿ ಮನೆಗೆ.

ಈ ನೀರಿನಲ್ಲಿ ಅರ್ಧ ಆಯುಷ್ಯ ನಿಂತವಳು ನಮ್ಮ ಗಮ್‌ಬೂಟಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಹಾಜರಿ ಕೂಗುವಾಗ ಬಿಟ್ಟರೆ ಯಾರ ಬಾಯಲ್ಲೂ ಅದು ಬರುತ್ತಿರಲಿಲ್ಲ. ಕುಳ್ಳಗಿನ ಗಟ್ಟಿ ಮೈ, ಯಂತ್ರಗಳ ಸದ್ದನ್ನು ಮೀರಿಸಲು ಕೂಗಿ ಕೂಗಿ ಒಡೆದ ಗಂಟಲು. ಗಂಡ ಬಸ್ ಕಂಡಕ್ಟರು, ಸಾಧು ಪ್ರಾಣಿ. ‘ಬಸ್ ತುಂಬ ಜನಕ್ಕೆ ಟಿಕೆಟ್ ಕೊಡ್ತೀನಿ, ಇವಳಿಗೆ ಒಂದು ಎದುರುತ್ತರ ಕೊಡೋಕೆ ಆಗಿಲ್ಲ ನೋಡಿ’ ಅಂತ ನಗುತ್ತಿದ್ದ. ಕಾಲು ಕೆರೆದುಕೊಂಡು ಜಗಳಕ್ಕೆ ಬರುತ್ತಾಳೆ ಎಂದು ಸೂಪರ್‌ವೈಸರ್ ಒಂದು ದಿನ ಎಲ್ಲರೆದುರು ದೂರಿದ.

“ಕೆರ್ಕೊಳ್ದೆ ಏನ್ ಮಾಡ್ಲಿ ಸಾರ್? ತುರಿಸುತ್ತೆ, ಕೆರ್ಕೊತೀನಿ. ತುರಿಕೆ ಕೊಟ್ಟೋರು ನೀವು, ಜಗಳ ನನ್ನದು. ಸರಿಹೋಯ್ತಲ್ಲ?” ಅಂದಳು ಅಕ್ಕ.

ಕಾರ್ಖಾನೆಯಲ್ಲಿ ಅವಳದೇ ಒಂದು ಕಾನೂನು ಇತ್ತು. ಹೊಸದಾಗಿ ಸೇರಿದವರಿಗೆ ಅವಳು ಮೊದಲು ಕಲಿಸುತ್ತಿದ್ದದ್ದು ಅದನ್ನೇ: ಪ್ಲಾಸ್ಟಿಕ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಕು, ಹರಿದ ಬೆಡ್‌ಶೀಟಿನ ಪಟ್ಟಿಯಿಂದ ಬೂಟಿನ ಬಾಯಿಗೆ ಸುತ್ತಿ ಬಿಗಿಯಬೇಕು. ಇದಕ್ಕೆ ಕಾರಣವಿತ್ತು. ಒಬ್ಬ ಹೆಂಗಸಿನ ಪ್ಯಾಂಟಿನ ಅಂಚು ಹಿಂಡುವ ಯಂತ್ರದ ಬೆಲ್ಟಿಗೆ ಸಿಕ್ಕಿ ಕಾಲು ಮುರಿದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಅದೂ ಅಲ್ಲದೆ ಅಲ್ಲಿ ನೀರು ಸಿಡಿಯುವುದು ನೆಲದಿಂದ ಮೇಲಕ್ಕೆ. ಅಂಚು ಹೊರಗಿದ್ದರೆ ಸೋಡಾ ನೀರು ಪ್ಯಾಂಟಿನೊಳಗೆ ಹೊಕ್ಕು ಮೊಣಕಾಲಿನವರೆಗೂ ಸುಡುತ್ತದೆ. ಯಾರದಾದರೂ ಅಂಚು ಹೊರಗೆ ಕಂಡರೆ ಅಕ್ಕ ಯಂತ್ರ ನಿಲ್ಲಿಸಿ ಬಂದು ಬೈಯುತ್ತಿದ್ದಳು. ಆ ಬೈಗುಳಕ್ಕೆ ಹೆದರಿ ಸೂಪರ್‌ವೈಸರ್ ಕೂಡ ತೊಳೆಯುವ ವಿಭಾಗಕ್ಕೆ ಬರುವಾಗ ಬಗ್ಗಿ ತನ್ನ ಅಂಚು ನೋಡಿಕೊಳ್ಳುತ್ತಿದ್ದ.

ಕಾಲುರೋಗ ಕೆಲಸದಿಂದ ಬಂದದ್ದು, ಚಿಕಿತ್ಸೆ ಕಂಪನಿಯೇ ಕೊಡಿಸಬೇಕು, ರೋಗ ಬಂತೆಂದು ಯಾರನ್ನೂ ತೆಗೆಯಬಾರದು — ಇಷ್ಟೇ ನಮ್ಮ ಸಂಘ ಕೇಳಿದ್ದು. ವಿಷಯ ದೂರು ವಿಚಾರಿಸಿ ತೀರ್ಪು ಕೊಡುವ ಕಾರ್ಮಿಕ ಸಮಿತಿಯ ಮುಂದೆ ಹೋಯಿತು. ಸಮಿತಿ ಕೂರುವುದು ಬೆಟ್ಟದ ಆಚೆಯ ಪಟ್ಟಣದಲ್ಲಿ. ಕೆಲಸದಲ್ಲಿ ಇರುವ ಒಬ್ಬರನ್ನು ಕರೆತನ್ನಿ, ನಮ್ಮ ಡಾಕ್ಟರು ಕಾಲು ನೋಡುತ್ತಾರೆ, ಆಮೇಲೆ ಮಾತು ಅಂದರು. ಯಾರು ಹೋಗಬೇಕು ಎಂದು ಚರ್ಚೆಯೇ ಆಗಲಿಲ್ಲ. ಬಿರಿದ ಕಾಲಿನ ಅಕ್ಕ ಆಗಲೇ ಎದ್ದು ನಿಂತಿದ್ದಳು. ಕಂಪನಿ ಏನೇನೋ ನೆಪ ಹೇಳಿ ವಿಚಾರಣೆಯನ್ನು ಎಳೆದಾಡಿತ್ತು. ಬೇಸತ್ತ ಸಮಿತಿ, ಇನ್ನು ಯಾರು ತಪ್ಪಿಸಿದರೂ ಅವರು ಸೋತಂತೆ ಎಂದು ಕಡ್ಡಿ ಮುರಿದ ಹಾಗೆ ಹೇಳಿತು.

ವಿಚಾರಣೆಯ ಹಿಂದಿನ ದಿನ ಶುರುವಾದ ಮಳೆ ನಿಲ್ಲಲಿಲ್ಲ. ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬಂದರೆ ಕಣಿವೆಯ ಸೇತುವೆ ಕೊಚ್ಚಿಹೋಗಿದೆ, ಬಸ್ಸಿಲ್ಲ ಅಂದರು. ಅಲ್ಲಿ ದೊಡ್ಡ ಕೊಡೆ ಹಿಡಿದುಕೊಂಡು ಸೂಪರ್‌ವೈಸರ್ ನಿಂತಿದ್ದ. ಮುಖದಲ್ಲಿ ಮಾವನ ಮನೆಗೆ ಬಂದ ಅಳಿಯನ ಕಳೆ.

“ಏನಮ್ಮಾ, ಹೊರಟುಬಿಟ್ಟಿರಾ? ಬಸ್ಸೇ ಇಲ್ವಲ್ಲ.”

“ಕಾಲಿದೆಯಲ್ಲ,” ಅಂದಳು ಅಕ್ಕ.

“ಬೆಟ್ಟದ ದಾರೀಲಾ? ಈ ಮಳೇಲಾ?” ಅವನು ಹತ್ತಿರ ಬಂದು ದನಿ ಇಳಿಸಿದ. “ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ನೆನೆದ ಕಾಲಲ್ಲಿ ಅಲ್ಲಿಗೆ ಹೋಗಿ ನಿಂತ್ರೆ ನಮ್ಮ ಡಾಕ್ಟರು ಏನಂತಾರೆ ಗೊತ್ತಾ? ಮಳೇಲಿ ನಡೆದು ಕಾಲು ಹಾಳಾಯ್ತು, ಕಾರ್ಖಾನೆಗೂ ಇದಕ್ಕೂ ಏನು ಸಂಬಂಧ ಅಂತಾರೆ. ಅವರು ನಿನ್ನೇನೇ ಹೋಗಿ ಕೂತಿದಾರೆ. ಹೋಗದಿದ್ರೂ ಸೋಲು, ಹೋದ್ರೂ ಸೋಲು. ಮನೇಗೆ ಹೋಗಿ ಬೆಚ್ಚಗೆ ಮಲಗಿ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಅಕ್ಕ ತನ್ನ ಬೂಟುಗಳನ್ನೊಮ್ಮೆ ನೋಡಿಕೊಂಡಳು.

“ಹಾಗಾದ್ರೆ ಒಣಗಿದ ಕಾಲಲ್ಲಿ ಹೋಗ್ತೀನಿ,” ಅಂದಳು. “ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ತಿಂಡಿ ತಿಂದು ಗಟ್ಟಿಯಾಗಿ ಕೂತಿರಲಿ ಅನ್ನಿ.”

ಬೆಟ್ಟದ ದಾರಿ ಅಂದರೆ ಸೇತುವೆ ಕಟ್ಟುವ ಮುಂಚೆ ಜನ ಓಡಾಡುತ್ತಿದ್ದ ಕಾಲುದಾರಿ. ಹೊರಟದ್ದು ನಾವು ನಾಲ್ವರು. ಒಬ್ಬಳು ಅಕ್ಕ. ಇನ್ನೊಬ್ಬಳು ಅವಳ ಗಂಡನ ತಂಗಿ, ಇಸ್ತ್ರಿ ವಿಭಾಗದಲ್ಲಿದ್ದು ಕಾಲು ನೆನೆಯದ ಪುಣ್ಯವಂತೆ. ಮೂರನೆಯವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ, ಎಲ್ಲರ ಬಾಯಲ್ಲೂ ಬಾಯ್ಲರ್ ಮಾವ. ನಾಲ್ಕನೆಯವನು ನಾನು, ಅವಸರದಲ್ಲಿ ಹೊಂದಿಸಿಕೊಂಡ ಚೀಲ ಹೊತ್ತವನು. ಚೀಲದಲ್ಲಿ ಬ್ರೆಡ್ಡಿನ ಪ್ಲಾಸ್ಟಿಕ್ ಕವರುಗಳಲ್ಲಿ ಕಟ್ಟಿದ ಒಣ ಕಾಲುಚೀಲ, ಒಂದು ಟವೆಲು, ಬಾಯ್ಲರ್ ಮಾವ ತಂದಿದ್ದ ಒಂದು ಹೊರೆ ಹತ್ತಿ ವೇಸ್ಟು. ಯಂತ್ರ ಒರೆಸುವ ಆ ನೂಲಿನ ಗುಪ್ಪೆ ಎಂಥ ಒದ್ದೆಯನ್ನೂ ಹೀರುತ್ತದೆ.

ನಾಲ್ವರೂ ಕಾರ್ಖಾನೆಯ ಪ್ಲಾಸ್ಟಿಕ್ ಪ್ಯಾಂಟು, ಗಮ್‌ಬೂಟು ಹಾಕಿಕೊಂಡಿದ್ದೆವು. ಹೊರಡುವ ಮುಂಚೆ ಅಕ್ಕ ಎಲ್ಲರ ಕಾಲು ತಪಾಸಣೆ ಮಾಡಿದಳು. ನಾದಿನಿಯ ಪ್ಯಾಂಟಿನ ಅಂಚು ಬೂಟಿನ ಮೇಲೆ ಇಳಿಬಿದ್ದಿತ್ತು.

“ಏನೇ ಇದು? ಮದುವೆ ಮನೆಗೆ ಹೊರಟಿದ್ದೀಯಾ? ಒಳಗೆ ಹಾಕು!”

“ಒತ್ತುತ್ತೆ ಅತ್ತಿಗೆ.”

“ಒತ್ತಲಿ. ಕಾಲು ಬೇಕೋ ಬೇಡ್ವೋ?”

ಅವಳು ಗೊಣಗುತ್ತ ಒಳಗೆ ತುರುಕಿ ಪಟ್ಟಿ ಬಿಗಿದಳು. ನಾವೂ ಬಿಗಿದೆವು. ನಾಲ್ಕು ಜೊತೆ ಬೂಟು, ಒಂದೇ ಕಾನೂನು. ಬೆಟ್ಟ ಹತ್ತತೊಡಗಿದೆವು.

ಅದು ಮಳೆಯಲ್ಲ, ಯಾರೋ ಮೇಲೆ ಕೂತು ಟ್ಯಾಂಕಿನ ಅಡಿ ಬಿಚ್ಚಿದ ಹಾಗಿತ್ತು. ದಾರಿಯೇ ಕಾಲುವೆಯಾಗಿತ್ತು. ಕೊಡೆ ಬಿಚ್ಚಿದರೆ ಗಾಳಿ ಕಸಿಯುತ್ತಿತ್ತು. ರೇನ್‌ಕೋಟಿನಿಂದ ಸುರಿದ ನೀರು ಪ್ಯಾಂಟಿನ ಮೇಲೆ, ಪ್ಯಾಂಟಿನಿಂದ ಕೆಳಕ್ಕೆ. ಅಕ್ಕ ಮುಂದೆ, ನಾವು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಅವಳ ಬೂಟು ಪ್ರತಿ ಹೆಜ್ಜೆಗೂ ಪಚಕ್ ಪಚಕ್ ಅನ್ನತೊಡಗಿತು. ನನ್ನ ಬೂಟೂ ಹಾಗೇ ಅನ್ನುತ್ತಿತ್ತು.

ಅರ್ಧ ಏರು ಮುಗಿದಲ್ಲಿ ಹಳೆಯ ಕಾವಲುಗಾರನ ಗುಡಿಸಲೊಂದಿತ್ತು. ಗೋಡೆ ಮೂರೇ ಉಳಿದಿದ್ದರೂ ತಗಡಿನ ಸೂರು ಗಟ್ಟಿಯಿತ್ತು. ಅಕ್ಕ ಕಲ್ಲಿನ ಮೇಲೆ ಕೂತು ಪಟ್ಟಿ ಬಿಚ್ಚಿ ಬೂಟು ಎಳೆದು ಬಗ್ಗಿಸಿದಳು. ಒಳಗಿಂದ ಒಂದು ಚೊಂಬು ನೀರು ಸುರಿಯಿತು. ಇನ್ನೊಂದರಿಂದಲೂ ಅಷ್ಟೇ. ಕಾಲುಚೀಲ ಹಿಂಡಿದಳು, ಅದು ಬೇರೆ. ಬೆರಳುಗಳು ಆಗಲೇ ಬಿಳುಚಿ ಸುಕ್ಕುಗಟ್ಟಿದ್ದವು.

“ಕಂಪನಿ ಬೂಟು! ತೂತು! ಥೂ, ಅವರ ಬಾಯಿಗೆ ಮಣ್ಣು ಹಾಕ!” ಅಂತ ಶುರು ಮಾಡಿದಳು. ಸೂಪರ್‌ವೈಸರು, ಡಾಕ್ಟರು, ಬೂಟು ಮಾಡಿದವನು, ಮಾರಿದವನು, ಯಾರನ್ನೂ ಬಿಡಲಿಲ್ಲ. ಬಾಯ್ಲರ್ ಮಾವ ಬೂಟನ್ನು ಕೈಗೆತ್ತಿಕೊಂಡು ಸೂರಿನಿಂದ ಸುರಿಯುವ ನೀರಿಗೆ ಹಿಡಿದು ತುಂಬಿಸಿದ. ಎತ್ತಿ ತೋರಿಸಿದ. ಕೆಳಗಿನಿಂದ ಒಂದು ಹನಿಯೂ ತೊಟ್ಟಿಕ್ಕಲಿಲ್ಲ.

“ತೂತಿಲ್ಲ ಕಣಮ್ಮ. ತೂತಿದ್ರೆ ಒಳಗೆ ಬಂದ ನೀರು ಹೊರಗೂ ಹೋಗ್ಬೇಕಿತ್ತಲ್ಲ.”

“ಮತ್ತೆ ಎಲ್ಲಿಂದ ಬಂತು? ನಾನೇ ಉಚ್ಚೆ ಹೊಯ್ಕೊಂಡ್ನಾ?”

ಮೂಲೆಯಲ್ಲಿ ನಾದಿನಿ ಬೂಟು ಬಿಚ್ಚದೆ ನಿಂತಿದ್ದಳು. ಅವಳ ಮುಖ ನೋಡಿದರೆ ಏನೋ ಕದ್ದು ತಿಂದವಳ ಹಾಗಿತ್ತು.

“ನಿಂದು ಬಿಚ್ಚೇ.”

“ಬೇಡ ಅತ್ತಿಗೆ.”

“ಬಿಚ್ಚು ಅಂದೆ!”

ಬಿಚ್ಚಿದಳು. ಕಾಲುಚೀಲದ ತುದಿ ಮಾತ್ರ ಕೊಂಚ ತೇವ, ಉಳಿದದ್ದು ಇಸ್ತ್ರಿ ಮೇಜಿನ ಮೇಲಿಂದ ಎತ್ತಿದ ಹಾಗೆ. ಅಕ್ಕ ನಂಬದೆ ಮುಟ್ಟಿ ನೋಡಿದಳು, ಮೂಸಿಯೂ ನೋಡಿದಳು.

“ಹೇಗೆ?”

“ಬೈಯಬೇಡಿ,” ಅಂದಳು ನಾದಿನಿ. “ಒತ್ತುತ್ತಿತ್ತು. ಮೊದಲನೇ ತಿರುವಲ್ಲೇ ನೀವು ಮುಂದೆ ಹೋದಾಗ ಅಂಚು ಹೊರಗೆ ತೆಗೆದುಬಿಟ್ಟೆ.”

ನಮಗೆಲ್ಲ ಒಮ್ಮೆಗೇ ಹೊಳೆದಿತ್ತು. ಕಾರ್ಖಾನೆಯಲ್ಲಿ ನೀರು ಕೆಳಗಿಂದ ಬರುತ್ತದೆ, ಬೆಟ್ಟದಲ್ಲಿ ಮೇಲಿಂದ. ಒಳಗೆ ತುರುಕಿದ ಅಂಚು ಅಲ್ಲಿ ಕಾಲು ಕಾಯುತ್ತದೆ, ಇಲ್ಲಿ ಮೈಮೇಲಿನ ನೀರನ್ನೆಲ್ಲ ಒಟ್ಟುಮಾಡಿ ನೇರ ಬೂಟಿಗೆ ಸುರಿಯುವ ಕೊಳವೆ. ಸುತ್ತಿದ ಬಟ್ಟೆಯ ಪಟ್ಟಿಯೋ, ಬತ್ತಿಯ ಹಾಗೆ ನೀರು ಹೀರಿ ಒಳಗೆ ಇಳಿಸುತ್ತಿತ್ತು. ದಾರಿಹೋಕನಿಗೂ ಗೊತ್ತಾಗುವ ಈ ಮಾತು ನೀರಿನಲ್ಲೇ ಬದುಕಿದ ನಮ್ಮ ತಲೆಗೆ ಹೋಗಿರಲಿಲ್ಲ. ನೀರಿನಲ್ಲೇ ಬದುಕಿದ್ದರಿಂದಲೇ ಹೋಗಿರಲಿಲ್ಲ.

ಆದರೆ ಅಕ್ಕನ ಬಾಯಲ್ಲಿ ‘ತಪ್ಪಾಯಿತು’ ಎಂಬ ಮಾತು ಹೊರಡಿಸುವುದು ಕಂಪನಿಯಿಂದ ಹೊಸ ಬೂಟು ಹೊರಡಿಸಿದಷ್ಟೇ ಕಷ್ಟ. ಹಿಂಡಿದ ಕಾಲುಚೀಲವನ್ನು ಮತ್ತೆ ಹಿಂಡಿದಳು. ಮುಖ ಕೆಂಪಾಗಿತ್ತು. ಕೊನೆಗೆ ಪಟ್ಟಿಗಳನ್ನು ಮುದ್ದೆ ಮಾಡಿ ಗೋಡೆಯಿಲ್ಲದ ಕಡೆಯಿಂದ ಬೀಸಿ ಎಸೆದಳು.

“ಎಲ್ಲರೂ ಹೊರಗೆ ತೆಗೀರಿ. ಏನ್ ನೋಡ್ತಾ ನಿಂತಿದ್ದೀರಿ? ಅಂಚು ಹೊರಗೆ!” ಇದೇನೋ ಮೊದಲಿನಿಂದಲೂ ತಾನೇ ಹೇಳುತ್ತಿದ್ದ ಮಾತು, ನಾವೇ ಕೇಳಲಿಲ್ಲ ಎಂಬಂಥ ದನಿ. ಆಮೇಲೆ ನಾದಿನಿಯ ಕಡೆ ತಿರುಗಿ, “ನೀನು ಕಳ್ಳಿ. ನಾಳೆಯಿಂದ ಹೀಗೆ ಕದ್ದುಮುಚ್ಚಿ ಮಾಡ್ಬೇಡ, ಎದುರಿಗೇ ಹೇಳು. ಬೈದ್ರೆ ಬೈಸ್ಕೊ,” ಅಂದಳು. ಅದು ಅವಳ ಕ್ಷಮಾಪಣೆ. ಅದಕ್ಕಿಂತ ದೊಡ್ಡದು ನಾನು ಕೇಳಿಲ್ಲ.

ಕಾಲು ಒಣಗಿಸಲು ಅಲ್ಲೇ ಕೂತೆವು. ಬಾಯ್ಲರ್ ಮಾವ ಹತ್ತಿ ವೇಸ್ಟಿನಿಂದ ಬೂಟಿನೊಳಗನ್ನು ಹೊಗೆಗೂಡು ಉಜ್ಜುವ ಹಾಗೆ ಉಜ್ಜಿದ. ಅಕ್ಕ ಒಂದೊಂದು ಬೆರಳ ಸಂದಿಯನ್ನೂ ಒರೆಸಿಕೊಂಡಳು, ಗಾಳಿಗೆ ಕಾಲು ಚಾಚಿಕೊಂಡು ಕೂತಳು. ಸುಕ್ಕು ಮೆಲ್ಲಗೆ ಇಳಿಯಿತು. ಒಣ ಕಾಲುಚೀಲ ಹಾಕಿ ಅದರ ಮೇಲೆ ಬ್ರೆಡ್ಡಿನ ಕವರು, ಅದರ ಮೇಲೆ ಬೂಟು. ಪ್ಯಾಂಟಿನ ಅಂಚನ್ನು ಬೂಟಿನ ಹೊರಗೆ ಇಳಿಬಿಟ್ಟು, ಗಾಳಿಗೆ ಹಾರದಂತೆ ಮಾವನ ಜೇಬಿನಲ್ಲಿದ್ದ ಸೈಕಲ್ ಟ್ಯೂಬಿನ ತುಂಡುಗಳಿಂದ ಹಿಡಿದು ಕಟ್ಟಿದೆವು. ನಡೆದೆವು. ಪಚಕ್ ಸದ್ದು ನಿಂತಿತ್ತು. ಕವರಿನ ಪರಪರ ಸದ್ದು ಮಾತ್ರ.

ಇಳಿಜಾರಿನಲ್ಲಿ ಹಳ್ಳ ಸಿಕ್ಕಿತು. ಮೊಣಕಾಲಿಗೆ ಬರುವ ಕೆಂಪು ನೀರು. ಬೂಟಿಗಿಂತ ಎತ್ತರ.

“ಬಾರಮ್ಮ, ನನ್ನ ಬೆನ್ನ ಮೇಲೆ ಕೂತ್ಕೊ. ದಾಟಿಸ್ತೀನಿ,” ಅಂದ ಬಾಯ್ಲರ್ ಮಾವ.

“ಮಾವಾ, ನಿಮಗೆ ನಿಮ್ಮ ಮೈಯೇ ಭಾರ. ಇಬ್ಬರೂ ಒಟ್ಟಿಗೆ ಪಟ್ಟಣ ಸೇರ್ತೀವಿ, ಹಳ್ಳದ ದಾರೀಲಿ.”

ಬರಿಗಾಲಲ್ಲಿ ದಾಟೋಣ ಅಂದೆ ನಾನು. ಅಕ್ಕ ಒಪ್ಪಲಿಲ್ಲ. ಕಲ್ಲು ಕುಯ್ದು ಹೊಸ ಗಾಯವಾದರೆ ಡಾಕ್ಟರು ಅದನ್ನೇ ತೋರಿಸುತ್ತಾನೆ ಅಂದಳು. ಕಾಲುಚೀಲ, ಕವರು ತೆಗೆದು ಎದೆಗೆ ಸೇರಿಸಿ, ಪ್ಯಾಂಟನ್ನು ತೊಡೆಯವರೆಗೆ ಸುತ್ತಿ, ಬರೀ ಬೂಟು ಹಾಕಿಕೊಂಡು ನೀರಿಗಿಳಿದಳು. ನಾದಿನಿ ಒಂದು ಕೈ ಹಿಡಿದಳು, ನಾನು ಒಂದು. ಆಚೆ ದಡದಲ್ಲಿ ಬೂಟು ಬಗ್ಗಿಸಿ, ಮತ್ತೆ ಹತ್ತಿ, ಮತ್ತೆ ಟವೆಲು, ಮತ್ತೆ ಬೆರಳ ಸಂದಿ. ಹತ್ತಿ ಅಲ್ಲಿಗೆ ಮುಗಿಯಿತು.

ಪಟ್ಟಣದ ಹೆಂಚಿನ ಮನೆಗಳು ಕಾಣುವಾಗ ನಾವು ಗೆದ್ದೆವು ಅಂದುಕೊಂಡೆವು. ಆಗಲೇ ಅದೃಷ್ಟ ಕೈಕೊಟ್ಟಿತು. ದಾರಿಯ ಅಂಚು ಕುಸಿದು ಅಕ್ಕನ ಬಲಗಾಲು ತೊಡೆಯವರೆಗೆ ಕೆಸರಿಗೆ ಇಳಿಯಿತು. ಹಿಡಿದೆಳೆದಾಗ ಕಾಲು ಬಂತು, ಬೂಟು ಬರಲಿಲ್ಲ. ಅದನ್ನು ಕೈಹಾಕಿ ಕಿತ್ತು ತೆಗೆದರೆ ತುಂಬ ಕೆಸರು. ಕವರು ಹರಿದಿತ್ತು. ಕಾಲುಚೀಲ ಕೆಸರಿನ ಮುದ್ದೆ. ನಾದಿನಿ ಅಲ್ಲೇ ಕುಸಿದು ಕೂತು ಅಳತೊಡಗಿದಳು.

“ಹೋಯ್ತಲ್ಲ ಅತ್ತಿಗೆ. ಎಲ್ಲ ಹೋಯ್ತಲ್ಲ.”

“ಏನೇ ಹೋಗಿರೋದು? ಒಂದು ಕಾಲು. ನನಗೆ ಎರಡಿದೆ.” ಮಳೆ ನೀರಲ್ಲೇ ಕಾಲು, ಬೂಟು ತೊಳೆದಳು. ನಾದಿನಿ ತನ್ನ ಕಾಲುಚೀಲ ಬಿಚ್ಚಿ ಕೊಡಹೋದಳು. “ಒದ್ದೆ ಬೂಟಿಗೆ ಹಾಕಿ ಅದನ್ನೂ ಯಾಕೆ ನೆನೆಸ್ತೀಯಾ? ಇಟ್ಕೊ. ಎದ್ದೇಳು, ಹೊತ್ತಾಯ್ತು. ಅಳೋದನ್ನ ನಡೀತಾ ಅಳು.”

ಸಮಿತಿಯ ಕೋಣೆ ಎರಡನೇ ಮಹಡಿಯಲ್ಲಿ. ಉದ್ದದ ಮೇಜು, ಗುನುಗುವ ಟ್ಯೂಬ್‌ಲೈಟು, ಕಿಟಕಿಯ ಪಕ್ಕ ಬಕೀಟು, ಅದಕ್ಕೆ ಸೂರಿನಿಂದ ಟಪ್ ಟಪ್. ಮಧ್ಯದ ಕುರ್ಚಿಯಲ್ಲಿ ಅಧ್ಯಕ್ಷೆ, ನರೆತ ಕೂದಲಿನ ಗಂಭೀರ ಹೆಂಗಸು. ಅವರ ಪಕ್ಕ ಸಮಿತಿಯ ಡಾಕ್ಟರು, ಅವರೂ ಹೆಂಗಸೇ. ಕೊನೆಯಲ್ಲಿ ಟೈಪು ಮಾಡುವ ಗುಮಾಸ್ತ. ಎದುರು ಕಂಪನಿ ಡಾಕ್ಟರು, ಬೆಚ್ಚನೆಯ ಕೋಟಿನಲ್ಲಿ. ನಾವು ನಾಲ್ವರು ಒಳಗೆ ಬಂದು ನಿಂತ ಜಾಗದಲ್ಲಿ ಕೊಳಗಳಾದವು. ಅದನ್ನು ನೋಡಿದ್ದೇ ಕಂಪನಿ ಡಾಕ್ಟರು ಎದ್ದ.

“ಮೇಡಂ, ನೀವೇ ನೋಡಿ. ಈ ಮಳೆಯಲ್ಲಿ ಬೆಟ್ಟ ಹತ್ತಿ ಇಳಿದು ಬಂದಿದ್ದಾರೆ. ಇವರ ಪಾದ ಬಿರಿದಿರದೆ ಇನ್ನು ಹೇಗಿರುತ್ತೆ? ಇವತ್ತಿನ ಪರೀಕ್ಷೆಗೆ ಅರ್ಥವೇ ಇಲ್ಲ.”

“ಕಾಲು ಇನ್ನೂ ಬೂಟಿನೊಳಗಿದೆ ಡಾಕ್ಟ್ರೇ,” ಅಂದಳು ಅಕ್ಕ. “ನಿಮಗೆ ಹೊರಗಿಂದಲೇ ಕಾಣುತ್ತಾ?”

ಗುಮಾಸ್ತ ನಗು ತಡೆಯಲು ಕೆಮ್ಮಿದ. ಅಕ್ಕ ಕುರ್ಚಿ ಎಳೆದು ಕೂತು ಎಡಗಾಲಿನ ಟ್ಯೂಬು ಬಿಚ್ಚಿದಳು, ಬೂಟು ತೆಗೆದಳು, ಬ್ರೆಡ್ಡಿನ ಕವರು ಎಳೆದಳು. ಕಾಲುಚೀಲ ಕಳಚಿ ಮೇಜಿನ ಮೇಲೆ, ಸರಿಯಾಗಿ ಕಂಪನಿ ಡಾಕ್ಟರ ಮುಂದೆ ಇಟ್ಟಳು.

“ಹಿಂಡಿ. ಒಂದು ಹನಿ ಬಿದ್ರೆ ಈಗಲೇ ವಾಪಸ್ ಬೆಟ್ಟ ಹತ್ತುತ್ತೀನಿ.”

ಅವನು ಕೈ ಹಿಂದಕ್ಕೆಳೆದುಕೊಂಡ. ಅಧ್ಯಕ್ಷೆ ಕೈ ಚಾಚಿ ಕಾಲುಚೀಲವನ್ನು ತೆಗೆದುಕೊಂಡರು. ಮುಷ್ಟಿಯಲ್ಲಿ ಒತ್ತಿದರು, ಅಂಗೈ ನೋಡಿಕೊಂಡರು. “ಬೆಚ್ಚಗಿದೆ,” ಅಂದರು.

“ಬಲಗಾಲು ಮಾತ್ರ ನೆನೆದಿದೆ,” ಅಂತ ಅಕ್ಕ ತಾನಾಗಿಯೇ ಹೇಳಿಬಿಟ್ಟಳು. “ಊರ ಹತ್ತಿರ ಕೆಸರಿಗೆ ಬಿದ್ದೆ. ಅದನ್ನ ಲೆಕ್ಕಕ್ಕೆ ತಗೋಬೇಡಿ.”

“ನೋಡಿದ್ರಾ ಮೇಡಂ! ಅವರೇ ಒಪ್ಕೊಂಡ್ರು,” ಅಂದ ಕಂಪನಿ ಡಾಕ್ಟರು.

“ಇಲ್ಲ, ಅದನ್ನೂ ಬಿಚ್ಚಿ,” ಅಂದರು ಸಮಿತಿಯ ಡಾಕ್ಟರು. ಕುರ್ಚಿಯಿಂದ ಎದ್ದು ಬಂದು ನೆಲದ ಮೇಲೆಯೇ ಕೂತರು. ಎರಡೂ ಪಾದಗಳನ್ನು ಮಡಿಲಿಗೆ ತೆಗೆದುಕೊಂಡು ಟಾರ್ಚು ಹಾಕಿದರು.

ಬಲಗಾಲು ಬಿಳುಚಿ ಸುಕ್ಕುಗಟ್ಟಿತ್ತು. ಎಡಗಾಲಿನಲ್ಲಿ ಸುಕ್ಕಿಲ್ಲ, ತೇವವಿಲ್ಲ. ಆದರೆ ಬೆರಳ ಸಂದಿಯ ಬಿರುಕು ಎರಡರಲ್ಲೂ ಅವೇ. ಎದ್ದು ನಿಂತ ಕಪ್ಪು ಉಗುರು ಎರಡರಲ್ಲೂ ಅವೇ. ಬೂಟಿನ ಅಂಚು ತಾಗುವ ಕಡೆ ಸೋಡಾ ಸುಟ್ಟ ಕಂದು ಪಟ್ಟೆ ಎರಡು ಕಾಲಿಗೂ ಬಳೆ ತೊಡಿಸಿದ ಹಾಗೆ. ಡಾಕ್ಟರು ಒಂದು ಬಿರುಕಿನ ಅಂಚನ್ನು ಬೆರಳಿನಿಂದ ಒತ್ತಿದರು. ಅದು ಗಡುಸಾಗಿ ದಪ್ಪಗಟ್ಟಿತ್ತು.

“ಇದು ಇವತ್ತಿಂದಲ್ಲ,” ಅಂದರು. “ನೆನೆದ ಕಾಲಲ್ಲಿ ಇರೋದೇ ನೆನೆಯದ ಕಾಲಲ್ಲೂ ಇದೆ. ಮಳೆ ಮಾಡಿದ್ದಾದ್ರೆ ಎಡಗಾಲಿಗೆ ಹೇಗೆ ಬರ್ತಿತ್ತು?”

ಕಂಪನಿ ಡಾಕ್ಟರು ಬಾಯಿ ತೆರೆದ. ಮನೆಯಿಂದ ತಂದ ರೋಗ ಎಂಬ ಹಳೆಯ ಮಾತು ನಾಲಗೆಯ ತುದಿಗೆ ಬಂದಿರಬೇಕು. ಸಮಿತಿಯ ಡಾಕ್ಟರು ಆ ಸೋಡಾ ಪಟ್ಟೆಯ ಮೇಲೆ ಬೆರಳಿಟ್ಟುಕೊಂಡೇ ಅವನ ಮುಖ ನೋಡಿದರು. ಅವನು ಕೋಟು ಸರಿಮಾಡಿಕೊಂಡು ಕೂತ.

ಅಧ್ಯಕ್ಷೆ ಹೇಳುತ್ತ ಹೋದರು, ಗುಮಾಸ್ತ ಟೈಪು ಮಾಡುತ್ತ ಹೋದ. ಚಿಕಿತ್ಸೆ ಕಂಪನಿಯದು. ಮೋರಿ ಸರಿಪಡಿಸುವವರೆಗೆ ತೊಳೆಯುವ ವಿಭಾಗದಲ್ಲಿ ಮರದ ಹಲಗೆ ಹಾಸಬೇಕು. ಕಾಲಿನ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ನಾದಿನಿ ನನ್ನ ತೋಳು ಚಿವುಟಿ ಚಿವುಟಿ ನೀಲಿ ಮಾಡಿದ್ದಳು. ಕೊನೆಗೆ ಗುಮಾಸ್ತ ಎದ್ದು ನಿಂತು ಎಲ್ಲವನ್ನೂ ಓದಿದ. “ಕಾರ್ಖಾನೆಯಿಂದ ಉಂಟಾಯಿತೆಂದು ಹೇಳಲಾದ ಕಾಲುರೋಗದ ಸಂಬಂಧ...”

“ನಿಲ್ಸಿ,” ಅಂದಳು ಅಕ್ಕ.

ಅವನು ನಿಲ್ಲಿಸಿದ.

“ಯಾರು ಹೇಳಿದ್ದು?”

“ಅಲ್ಲಮ್ಮ, ಅದು ಹಾಗೆ ಬರೆಯೋ ಪದ್ಧತಿ.”

“ಹೇಳಿದ್ದು ಅಂತ ಇದ್ರೆ ನಾಳೆ ಇವರು ‘ಅದು ಅವಳು ಹೇಳಿದ ಮಾತು’ ಅಂತಾರೆ. ನಾನು ಬರೀ ಹೇಳೋ ಹಾಗಿದ್ರೆ ಮನೇಲಿ ಕೂತು ಫೋನಲ್ಲೇ ಹೇಳ್ತಿದ್ದೆ. ನೀವೆಲ್ಲ ನೋಡಿದಿರಿ, ಮುಟ್ಟಿದಿರಿ. ಉಂಟಾದ ಅಂತ ಬರೀರಿ. ಹೇಳಲಾದ ಬೇಡ.”

“ಬೂಟು ಹಾಕ್ಕೊಳಮ್ಮ, ನೆಲ ತಣ್ಣಗಿದೆ. ಆಮೇಲೆ ನೋಡೋಣ,” ಅಂದ ಗುಮಾಸ್ತ.

“ನೀವು ತೆಗೀರಿ, ನಾನು ಹಾಕ್ಕೊತೀನಿ.”

ಅವನು ಅಧ್ಯಕ್ಷೆಯ ಕಡೆ ನೋಡಿದ. ಅವರು ಬರಿಗಾಲುಗಳನ್ನೊಮ್ಮೆ, ಬಕೀಟನ್ನೊಮ್ಮೆ ನೋಡಿ ತಲೆಯಾಡಿಸಿದರು. ಗುಮಾಸ್ತ ಕೂತು ಹೊಸ ಹಾಳೆ ಏರಿಸಿದ. ಎಲ್ಲವನ್ನೂ ಮೊದಲಿನಿಂದ ಟೈಪು ಮಾಡಿದ. ಅಷ್ಟೂ ಹೊತ್ತು ಅಕ್ಕ ಎರಡು ಕಾಲನ್ನೂ ಮೇಜಿನ ಕೆಳಗೆ ಮರೆಮಾಡದೆ, ಕೋಣೆಯ ನಡುವಿಗೆ ಚಾಚಿಕೊಂಡು, ಬಾಗಿಲಿನಿಂದ ಒಳಗೆ ಹೊರಗೆ ಓಡಾಡುವವರೆಲ್ಲ ಅವನ್ನು ಬಳಸಿಕೊಂಡೇ ಹೋಗುವ ಹಾಗೆ ಕೂತಿದ್ದಳು.